ಖಾಲಿ ಬಿಟ್ಟ ಹದಿನೇಳನೇ ಪುಟ

ಬಂಗಾರಪೇಟೆಯಲ್ಲಿ ಒಂದು ಕಾಲೇಜಿನ ಗೇಟಿಗೆ ಎದುರಾಗಿ ನನ್ನ ಅಂಗಡಿ. ಜೆರಾಕ್ಸ್, ಟೈಪಿಂಗ್, ಸ್ಪೈರಲ್ ಬೈಂಡಿಂಗ್, ಪಾಸ್‌ಪೋರ್ಟ್ ಫೋಟೊ, ಇಷ್ಟು ಬೋರ್ಡಿನಲ್ಲಿದೆ. ಬೋರ್ಡಿನಲ್ಲಿ ಬರೆಸದ ಇನ್ನೊಂದು ವ್ಯಾಪಾರವೂ ಇತ್ತು. ಬೇರೆಯವರ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡುತ್ತೇನೆ: ಪ್ರಾಜೆಕ್ಟ್ ಮಾರುತ್ತಿದ್ದೆ. ‘ನೀರಿನ ಮಹತ್ವ’, ‘ಮಹಿಳಾ ಸಬಲೀಕರಣ’, ‘ಗ್ರಾಮೀಣ ಬದುಕಿನಲ್ಲಿ ಹೈನುಗಾರಿಕೆ’ ಎಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕೂತಿದ್ದವು. ಹೆಸರು, ರಿಜಿಸ್ಟರ್ ನಂಬರು ಬದಲಾಯಿಸಿ, ನೀಲಿ ರಟ್ಟು ಹಾಕಿ ಕೊಟ್ಟರೆ ಮುಗಿಯಿತು. ಹದಿನಾರು ವರ್ಷ ಹೀಗೇ ನಡೆಯಿತು. ಬರೆದೆವೆಂದು ಸಹಿ ಹಾಕಿದ ಹುಡುಗರು ಅದನ್ನು ಓದಲಿಲ್ಲ, ಅಂಕ ಹಾಕಿದ ಮೇಷ್ಟ್ರುಗಳೂ ಓದಲಿಲ್ಲ. ಒಂದೊಂದು ಅಕ್ಷರವನ್ನೂ ಓದಿದವನು ಈ ಸುಧಾಕರ್ ಒಬ್ಬನೇ. ಹಾಗಾಗಿ ನೀರಿನ ಮಹತ್ವದ ಬಗ್ಗೆ ಈ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವನು ಇಲ್ಲವೆಂದು ನನಗೆ ಸ್ವಲ್ಪ ಜಂಬವೂ ಇತ್ತು.

ಭಾನುವಾರ ಆ ಕಾಲೇಜಿನಲ್ಲಿ ದೂರಶಿಕ್ಷಣದವರ ತರಗತಿ. ಮಕ್ಕಳನ್ನು ಕಾಲೇಜಿಗೆ ಕಳಿಸುವ ವಯಸ್ಸಿನವರು ತಾವೇ ಬ್ಯಾಗು ನೇತು ಹಾಕಿಕೊಂಡು ಬರುತ್ತಾರೆ. ರಾಧಾಮಣಿ ಅವರಲ್ಲೊಬ್ಬರು. ನಲವತ್ತೆರಡು ವರ್ಷ, ಸಣ್ಣ ಮೈ, ದೊಡ್ಡ ದನಿ. ಚಿನ್ನದ ಗಣಿಯ ಊರಾದ ಊರಿಗಾಂನಿಂದ ರೈಲು ಹತ್ತಿ ಬರುತ್ತಿದ್ದರು. ಅಪ್ಪ ಗಣಿಯೊಳಗೆ ಇಳಿದು ಕೆಲಸ ಮಾಡಿದವರು. ಇವರ ಪಿಯುಸಿ ಮುಗಿಯುವುದಕ್ಕೂ ಗಣಿ ಮುಚ್ಚುವುದಕ್ಕೂ ಸರಿಹೋಗಿ, ಡಿಗ್ರಿಗೆ ಸೇರಿಸುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸೆಲ್ವರಾಜ್ ಎಂಬ ಪೇಂಟರ್ ಜೊತೆ ಮದುವೆಯಾಗಿ, ಊರಿಗಾಂನಲ್ಲೇ ಇನ್ನೊಂದು ಲೈನಿನ ಮನೆಗೆ ಬಂದರು. ಲೈನು ಅಂದರೆ ಗಣಿ ಕಂಪನಿಯ ಕಾಲದಲ್ಲಿ ಕೆಲಸಗಾರರಿಗೆ ಕಟ್ಟಿದ, ಒಂದಕ್ಕೊಂದು ಗೋಡೆ ಅಂಟಿಕೊಂಡ ಮನೆಗಳ ಸಾಲು. ಸೆಲ್ವರಾಜ್ ಬೆಳಗಿನ ಮೊದಲ ರೈಲಿಗೆ ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೆ ಬರುವುದು.

ರಾಧಾಮಣಿ ಹತ್ತೊಂಬತ್ತು ವರ್ಷದಿಂದ ಹತ್ತಿರದ ಒಂದು ನರ್ಸರಿ ಶಾಲೆಯಲ್ಲಿ ಆಯಾ. ಹೆಸರಿಗೆ ಆಯಾ, ಅಷ್ಟೆ. ಅಲ್ಲಿ ಟೀಚರುಗಳು ಆರು ತಿಂಗಳಿಗೊಬ್ಬರಂತೆ ಬಂದು ಹೋಗುತ್ತಿದ್ದರು, ಮಕ್ಕಳಿಗೆ ಅಕ್ಷರ ತಿದ್ದಿಸಿ ಎಣಿಕೆ ಕಲಿಸುತ್ತಿದ್ದದ್ದು ಇವರೇ. ಹೊಸದಾಗಿ ಶಾಲೆ ವಹಿಸಿಕೊಂಡವರು ಇದನ್ನು ಗಮನಿಸಿ, ಜೂನ್ ಒಳಗೆ ಡಿಗ್ರಿ ಪಾಸಾದ ಕಾಗದ ತಂದರೆ ನೀವೇ ಟೀಚರ್, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು. ಎಲ್ಲ ವಿಷಯಗಳೂ ಪಾಸಾಗಿ ಒಂದೇ ಒಂದು ಉಳಿದಿತ್ತು. ಅದರ ಹೆಸರು ‘ಸಂಶೋಧನೆ ಮತ್ತು ವಿಶ್ಲೇಷಣಾತ್ಮಕ ಬರವಣಿಗೆ’. ಇಪ್ಪತ್ತು ಪುಟದ ಪ್ರಬಂಧ ಬರೆಯಬೇಕು, ಮೇ ತಿಂಗಳಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೂತು ಉತ್ತರ ಹೇಳಬೇಕು.

ಜನವರಿಯ ಒಂದು ಭಾನುವಾರ ಅವರು ನನ್ನ ಅಂಗಡಿಗೆ ಬಂದು, “ಅಣ್ಣ, ನಿಮ್ಮತ್ರ ರೆಡಿ ಪ್ರಾಜೆಕ್ಟ್ ಐತಂತಲ್ಲ, ಒಂದ್ಸಲ ನೋಡ್ಬೋದಾ?” ಅಂದರು. ‘ನೀರಿನ ಮಹತ್ವ’ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದರು. ಹಾಗೆ ಓದಿದವರನ್ನು ನಾನು ಮೊದಲ ಸಲ ನೋಡುತ್ತಿದ್ದೆ.

“ಚೆನ್ನಾಗೈತೆ ಅಣ್ಣ. ಆದ್ರೆ ಇದ್ರಲ್ಲಿ ನಮ್ಮ ಲೈನಿನ ನಲ್ಲಿ ಇಲ್ವಲ್ಲ.”

“ನಲ್ಲಿ ಯಾಕಮ್ಮ ಬೇಕು? ಇದರಲ್ಲಿ ಪಂಚಭೂತಗಳೇ ಇವೆ” ಎಂದೆ ನಾನು. ಅವರು ನಕ್ಕರು. ಕೊನೆಗೆ ನನ್ನ ಒತ್ತಾಯಕ್ಕೆ ಮೊದಲ ಎರಡು ಪುಟ ಮಾತ್ರ ಪೀಠಿಕೆಗೆಂದು ತೆಗೆದುಕೊಂಡು, ಉಳಿದದ್ದನ್ನು ತಾವೇ ಬರೆಯುವುದಾಗಿ ಹೇಳಿ ಹೋದರು.

ಆ ವರ್ಷ ಆ ಪಾಠಕ್ಕೆ ಶ್ಯಾಮಲ ಮೇಡಂ ಎಂಬುವರು ಹೊಸದಾಗಿ ಬಂದಿದ್ದರು. ಕೆಂಪು ಇಂಕಿಗೆ ಅವರು ಒಂದಿಷ್ಟೂ ಕಂಜೂಸಿ ಮಾಡುವವರಲ್ಲ. ರಾಧಾಮಣಿಯ ಮೊದಲ ಕರಡು ವಾಪಸು ಬಂದಾಗ, ನಾನು ಟೈಪ್ ಮಾಡಿದ್ದಕ್ಕಿಂತ ಅಂಚಿನಲ್ಲಿ ಬರೆದದ್ದೇ ಜಾಸ್ತಿ ಇತ್ತು. ಪೀಠಿಕೆಯ ಪಕ್ಕದಲ್ಲಿ, ‘ಇದನ್ನು ಈ ವರ್ಷ ಒಂಬತ್ತನೇ ಸಲ ಓದುತ್ತಿದ್ದೇನೆ. ಇದರಲ್ಲಿ ನಿಮ್ಮದು ಯಾವುದು?’ ಎಂದಿತ್ತು. ನನಗೆ ಒಳಗೊಳಗೇ ಉರಿಯಿತು. ಒಂಬತ್ತು ಸಲ ಒಂದೇ ತರಹ, ಒಂದಕ್ಷರ ತಪ್ಪಿಲ್ಲದೆ ಕೊಟ್ಟಿದ್ದೇನಲ್ಲ, ಅದು ಯಾರಿಗೂ ಲೆಕ್ಕಕ್ಕಿಲ್ಲವೇ?

ರಾಧಾಮಣಿಗೆ ಬೇಜಾರಾಗಿರಲಿಲ್ಲ. ಸ್ಟೂಲಿನ ಮೇಲೆ ಕೂತು, ತರಗತಿಯಲ್ಲಿ ಕೇಳಿದ್ದನ್ನು ನನಗೆ ಒಪ್ಪಿಸಿದರು. “ಮೊದ್ಲು ಒಂದು ಪ್ರಶ್ನೆ ಇರ್ಬೇಕಂತೆ ಅಣ್ಣ. ಉತ್ತರ ಜೇಬಲ್ಲಿ ಇಟ್ಕಂಡು ಪ್ರಶ್ನೆ ಕೇಳೋಕ್ ಓಗ್ಬಾರ್ದಂತೆ. ಯಾರು ಏಳಿದ್ರು, ಎಷ್ಟು ಜನ ಏಳಿದ್ರು, ನಾವು ಕಣ್ಣಲ್ಲಿ ಕಂಡಿದ್ದೇನು, ಎಲ್ಲಾ ಬೇರೆ ಬೇರೆ ಬರೀಬೇಕಂತೆ.”

ಅವರ ಪ್ರಶ್ನೆ ನಲ್ಲಿಯದೇ ಆಗಿತ್ತು. ಅವರ ಲೈನಿನಲ್ಲಿ ಇಪ್ಪತ್ತನಾಲ್ಕು ಮನೆ, ಮೊದಲ ಮನೆಯ ಪಕ್ಕ ಒಂದೇ ನಲ್ಲಿ. ನಾಲ್ಕು ದಿನಕ್ಕೊಂದು ಬೆಳಗ್ಗೆ ನೀರು ಬರುತ್ತದೆ. ಹಿಂದಿನ ಸಂಜೆಯೇ ಮನೆಗೊಂದು ಬಿಂದಿಗೆ ತಂದು ಸಾಲಿಗೆ ಇಡಬೇಕು. ಮನುಷ್ಯರು ನಿಲ್ಲುವ ಹಾಗಿಲ್ಲ, ಬಿಂದಿಗೆಯೇ ಮನೆಯ ಲೆಕ್ಕ, ಸರದಿ ಬಂದಾಗ ಮನೆಯ ಬೇರೆ ಪಾತ್ರೆಗಳಿಗೂ ಹಿಡಿದುಕೊಳ್ಳಬಹುದು. ಬೆಳಗ್ಗೆ ಅಮ್ಮಾಜಮ್ಮ ಎಂಬ ಹಿರಿಯ ಹೆಂಗಸು ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಕೂಗಿದ ಮನೆಯವರು ಬಂದು ಹಿಡಿದುಕೊಂಡು ಹೋಗಬೇಕು. ಸುತ್ತಮುತ್ತಲ ಲೈನುಗಳಲ್ಲಿ ನೀರಿಗಾಗಿ ಜುಟ್ಟು ಹಿಡಿದು ಜಗಳವಾದರೂ ಇವರಲ್ಲಿ ಒಂದು ದಿನವೂ ಆಗಿಲ್ಲ. ಯಾಕೆ ಆಗಿಲ್ಲ? ಇದು ರಾಧಾಮಣಿಯ ಪ್ರಶ್ನೆ.

ಅಮ್ಮಾಜಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ರಾಧಾಮಣಿಗೆ ಹೆರಿಗೆ ನೋವು ಬಂದ ದಿನ ಗಂಡ ಬೆಂಗಳೂರಿನಲ್ಲಿದ್ದ. ಆಟೊ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಐದು ದಿನ ಮಂಚದ ಕೆಳಗೆ ಮಲಗಿ ಬಾಣಂತಿಯನ್ನು ನೋಡಿಕೊಂಡವರು ಇದೇ ಅಮ್ಮಾಜಮ್ಮ. ಅಂಗಡಿಯಲ್ಲಿ ಅವರ ಹೆಸರು ಬಂದಾಗಲೆಲ್ಲ ರಾಧಾಮಣಿಯ ದೊಡ್ಡ ದನಿ ಸಣ್ಣದಾಗುತ್ತಿತ್ತು.

ಎರಡನೇ ಕರಡು ಟೈಪ್ ಮಾಡುವುದು ನನಗೆ ಬಲು ಸುಲಭವಾಯಿತು. ಇಪ್ಪತ್ತೆರಡು ಮನೆಯವರನ್ನು ಕೇಳಿ ಬಂದಿದ್ದರು, ಇಪ್ಪತ್ತೆರಡೂ ಮನೆಯವರು ಒಂದೇ ಉತ್ತರ ಹೇಳಿದ್ದರು: ‘ಮೊದಲು ಇಟ್ಟವರು ಮೊದಲು ಹಿಡಿಯುತ್ತಾರೆ, ನಮ್ಮ ಲೈನಿನಲ್ಲಿ ಭೇದವಿಲ್ಲ.’ ಒಂದು ಸಲ ಟೈಪ್ ಮಾಡಿ ಇಪ್ಪತ್ತೊಂದು ಸಲ ಅಂಟಿಸಿದೆ. ಕೊನೆಯಲ್ಲಿ ರಾಧಾಮಣಿ, ಹಿರಿಯರ ನ್ಯಾಯಬುದ್ಧಿಯೇ ಜಗಳವಿಲ್ಲದಿರಲು ಕಾರಣ ಎಂದು ತೀರ್ಮಾನ ಬರೆದಿದ್ದರು. ನನಗೂ ಅದು ತುಂಬ ಹಿಡಿಸಿತು.

ಶ್ಯಾಮಲ ಮೇಡಂಗೆ ಹಿಡಿಸಲಿಲ್ಲ. ಈ ಸಲ ಅಂಚಿನಲ್ಲಿ ಒಂದೇ ಸಾಲು: ‘ಇಪ್ಪತ್ತೆರಡು ಬಾಯಿ, ಒಂದೇ ಮಾತು. ಕೇಳುವಾಗ ನಿಮ್ಮ ಪಕ್ಕದಲ್ಲಿ ಯಾರಿದ್ದರು?’

ರಾಧಾಮಣಿ ಆ ಹಾಳೆ ಹಿಡಿದುಕೊಂಡು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಟೀ ತರಿಸಿದೆ.

“ಯಾರಿದ್ರು ಅಮ್ಮ?”

“ಇನ್ಯಾರು, ಅಮ್ಮಾಜಮ್ಮ.”

ಲೈನಿನವರಿಗೆ ಇದು ಸಹಜ. ಪುಸ್ತಕ ಪೆನ್ನು ಹಿಡಿದು ಮನೆ ಬಾಗಿಲಿಗೆ ಬಂದವರೆಂದರೆ ಅವರಿಗೆ ಆಗದು. ಮನೆ ಖಾಲಿ ಮಾಡಿಸಲು ಬಂದವರೋ, ಪಟ್ಟಿಯಿಂದ ಹೆಸರು ತೆಗೆಯಲು ಬಂದವರೋ ಎಂದು ಅನುಮಾನ. ಹಾಗಾಗಿ ಯಾರೇ ಕೇಳಲು ಹೋದರೂ ಹಿರಿಯರೊಬ್ಬರು ಮುಂದೆ ನಡೆದು, ಹೊಸಿಲಲ್ಲಿ ನಿಂತು ಕೂಗಬೇಕು. ಅಲ್ಲೇ ಬಾಳಿದ ರಾಧಾಮಣಿಯೂ ಪುಸ್ತಕ ಹಿಡಿದ ಕೂಡಲೇ ಅದನ್ನೇ ಮಾಡಿದ್ದರು. ಅಮ್ಮಾಜಮ್ಮ ಮುಂದೆ, ಇವರು ಹಿಂದೆ. ಇಪ್ಪತ್ತೆರಡು ಮನೆಯವರೂ ಉತ್ತರ ಕೊಟ್ಟದ್ದು ಅಮ್ಮಾಜಮ್ಮನ ಮುಖ ನೋಡಿಕೊಂಡು.

“ನಾನು ಇಪ್ಪತ್ತೆರಡು ಮನೆ ಕೇಳಿಲ್ಲ ಅಣ್ಣ. ಒಂದೇ ಮನೆ ಕೇಳ್ಕಂಡ್ ಬಂದೆ” ಅಂದರು. ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಅಷ್ಟು ಹಾಳೆ ದಂಡವಾಯಿತಲ್ಲ ಎಂದೂ ಅನಿಸಿತು.

ಆಮೇಲೆ ಅವರು ಯಾರನ್ನೂ ಏನೂ ಕೇಳದೆ ಸುಮ್ಮನೆ ನೋಡಲು ಶುರು ಮಾಡಿದರು. ಸಂಜೆ ತಮ್ಮ ಬಿಂದಿಗೆ ಇಡಲು ಹೋದಾಗ, ಯಾರ ಬಿಂದಿಗೆ ಎಷ್ಟನೆಯದಾಗಿ ಬಂತು ಎಂದು ನೋಡಿಕೊಳ್ಳುವುದು. ಬೆಳಗ್ಗೆ, ಯಾರದು ಎಷ್ಟನೆಯದಾಗಿ ತುಂಬಿತು ಎಂದು ನೋಡಿಕೊಳ್ಳುವುದು. ಮನೆಗೆ ಬಂದು ಬರೆದಿಡುವುದು. ಇಷ್ಟು ವರ್ಷ ಅವರು ಹಾಗೆ ನಿಂತು ನೋಡಿದವರೇ ಅಲ್ಲ. ಒಲೆ ಮೇಲೆ ಅಡುಗೆ ಇರುತ್ತಿತ್ತು, “ರಾಧಾ, ನೀರೂ” ಎಂದು ಕೂಗಿದಾಗ ಓಡಿ ಬಂದು ಹಿಡಿದುಕೊಂಡು ಹೋಗುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಒಂಬತ್ತು ಸಲ ನೀರು ಬಂತು, ಒಂಬತ್ತು ಸಲವೂ ಬರೆದರು. ಒಂದು ತಿಂಗಳ ಮೇಲೆ ಆಯಿತು.

ಮಾರ್ಚ್ ಕೊನೆಯಲ್ಲಿ ಆ ಪಟ್ಟಿ ನನ್ನ ಮುಂದಿಟ್ಟರು. ಲೈನಿನ ಕೊನೆಯ ಮನೆಯವರ ಬಿಂದಿಗೆ ಒಂದು ಸಲ ಮೊದಲನೆಯದಾಗಿ, ಎರಡು ಸಲ ಮೂರನೆಯದಾಗಿ ಬಂದಿತ್ತು. ಒಂಬತ್ತಕ್ಕೆ ಒಂಬತ್ತು ಸಲವೂ ತುಂಬಿದ್ದು ಇಪ್ಪತ್ತನಾಲ್ಕನೆಯದಾಗಿ. ಎರಡು ಸಲ ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತ್ತು. ಯಾಕೆಂದು ನಾನು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಆ ಮನೆಯ ಹಿರಿಯರು ಕಂಪನಿ ಕಾಲದಲ್ಲಿ ಕಕ್ಕಸು ತೊಳೆಯುವ ಗ್ಯಾಂಗಿನಲ್ಲಿದ್ದವರು. ಗ್ಯಾಂಗು ಹೋಗಿ, ಕಂಪನಿ ಹೋಗಿ, ಆ ಮನೆಯ ಮಗ ಮೊಬೈಲ್ ರಿಪೇರಿ ಕಲಿತು ಎಷ್ಟೋ ವರ್ಷವಾಗಿದೆ.

“ಸರಿ, ಇದು ಸಿಕ್ಕಿತಲ್ಲ. ಬರೆದುಬಿಡಿ” ಎಂದೆ.

ರಾಧಾಮಣಿ ಪಟ್ಟಿಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. “ಇದು ನಂದು ಅಣ್ಣ. ಅತ್ತನೇದೋ ಅನ್ನೆರಡನೇದೋ ತಂದಿಡ್ತೀನಿ. ತುಂಬ್ತಿರೋದು ಎರಡನೇದು. ಒಂದ್ಸಲನೂ ತಪ್ಪಿಲ್ಲ. ಅಮ್ಮಾಜಮ್ಮಂದು ಒಂದನೇದು, ನಂದು ಎರಡನೇದು.” ಅವರ ಕಣ್ಣಲ್ಲಿ ನೀರು ಬಂತು. “ಅವ್ರಿಗೆ ನನ್ ಮೇಲೆ ಪ್ರೀತಿ. ಅದಕ್ಕೇ ನನ್ನ ಕೂಗ್ತಾರೆ. ನಾನು ಇಷ್ಟು ವರ್ಷ ನನ್ ಪಾಳಿ ಬಂತು ಅನ್ಕಂಡಿದ್ದೆ.”

ನಾನು ಒಂದು ಸಲಹೆ ಕೊಟ್ಟೆ. ನಿಮ್ಮ ಸಾಲನ್ನು ಬಿಟ್ಟುಬಿಡಿ, ಕೊನೆಯ ಮನೆಯದನ್ನು ಸ್ವಲ್ಪ ಮೆದುವಾಗಿ ಬರೆಯಿರಿ, ಪಾಸಾದರೆ ಸಾಕಲ್ಲವೇ, ನಾಳೆ ಅದೇ ಲೈನಿನಲ್ಲಿ ಬಾಳಬೇಕಾದವರು ನೀವು ಎಂದೆ. ನನ್ನ ಸಲಹೆಗಳೆಲ್ಲ ಸಾಮಾನ್ಯವಾಗಿ ಹೀಗೇ ಇರುತ್ತವೆ. ಅವರು ಪಟ್ಟಿ ಮಡಿಸಿಕೊಂಡು ಎದ್ದು ಹೋದರು.

ಮುಂದಿನ ವಾರ ಪುಸ್ತಕವಿಲ್ಲದೆ, ಅಮ್ಮಾಜಮ್ಮನಿಲ್ಲದೆ, ಸೊಪ್ಪು ಕೊಡುವ ನೆಪದಲ್ಲೋ ಹಿಟ್ಟು ಕೇಳುವ ನೆಪದಲ್ಲೋ ಮತ್ತೆ ಮನೆಮನೆಗೆ ಹೋದರು. ಹದಿನೈದು ಮನೆಯವರು ಹಳೆಯದನ್ನೇ ಹೇಳಿದರು. ಆರು ಮನೆಯವರು, “ಅದೆಲ್ಲ ಯಾಕ್ ಬಿಡು” ಅಂದರು. ಕೊನೆಯ ಮನೆಯ ಹೆಂಗಸು ಮಾತ್ರ ಕೂರಿಸಿ ಮಾತಾಡಿದಳು. ಅವಳ ಹೆಸರು ನನಗೆ ಗೊತ್ತಿಲ್ಲ, ರಾಧಾಮಣಿ ಹೇಳಲಿಲ್ಲ. ಅವಳಾಡಿದ್ದು ಒಂದು ಪುಟದಷ್ಟಾಯಿತು. ಅದನ್ನು ಟೈಪ್ ಮಾಡುವಾಗ ನಾನು ನಡುವೆ ಎದ್ದು ಹೋಗಿ ಬಾಗಿಲಲ್ಲಿ ನಿಂತುಕೊಂಡೆ. ಹದಿನಾರು ವರ್ಷದಲ್ಲಿ ನನ್ನ ಕಂಪ್ಯೂಟರಿನಲ್ಲಿ ಅಂಥ ಒಂದು ಪುಟ ಬಂದಿರಲಿಲ್ಲ. ಪ್ರಬಂಧ ಸರಿಯಾಗಿ ಇಪ್ಪತ್ತು ಪುಟವಾಯಿತು, ಅವಳ ಮಾತು ಹದಿನೇಳನೇ ಪುಟ. ತಮ್ಮ ಬಿಂದಿಗೆಯ ಸಾಲನ್ನೂ ರಾಧಾಮಣಿ ಬಿಟ್ಟಿರಲಿಲ್ಲ. ‘ಈ ವ್ಯವಸ್ಥೆಯಿಂದ ಲಾಭ ಪಡೆದವರಲ್ಲಿ ಲೇಖಕಿಯೂ ಒಬ್ಬಳು’ ಎಂದು ಬರೆದಿದ್ದರು.

ಶ್ಯಾಮಲ ಮೇಡಂ ಮೊದಲ ಸಲ ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದು, ಕೆಳಗೆ, ‘ಯಾರ ಮಾತನ್ನು ಬಳಸಿದ್ದೀರೋ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ’ ಎಂದು ಸೇರಿಸಿದ್ದರು. ಎಲ್ಲ ಮುಗಿಯಿತೆಂದು ನಾನು ರಟ್ಟು ಕತ್ತರಿಸಿ ಇಟ್ಟೆ.

ಎರಡು ದಿನ ಬಿಟ್ಟು ರಾಧಾಮಣಿ ಶಾಲೆಯ ಸೀರೆಯಲ್ಲೇ ಬಂದರು. “ಅಣ್ಣ, ಅದಿನೇಳನೇ ಪುಟ ತೆಗೀಬೇಕು.”

“ಯಾಕೆ?”

“ಓದಿ ಏಳ್ದೆ. ಅವ್ಳು ಬ್ಯಾಡ ಅಂದ್ಳು. ಮನೇಲಿ ಸೊಸೆ ಬಸುರಿ. ‘ನಾಳೆ ಅವ್ಳು ಇದೇ ಲೈನಲ್ಲಿ ಬಾಳ್ಬೇಕಲ್ಲ ತಾಯಿ’ ಅಂದ್ಳು. ‘ನೀನು ಕಣ್ಣಲ್ಲಿ ಕಂಡಿದ್ದು ನಿಂದು, ಅದನ್ನ ಏನಾದ್ರೂ ಮಾಡ್ಕೊ. ನಾನ್ ಆಡಿದ್ದು ನಂದು, ಅದನ್ನ ನಂಗೆ ವಾಪಸ್ ಕೊಡು’ ಅಂದ್ಳು.”

ಇಡೀ ಪ್ರಬಂಧದ ಜೀವವೇ ಆ ಪುಟ. ತೆಗೆದರೆ ಹತ್ತೊಂಬತ್ತು ಪುಟ, ನಿಯಮದ ಪ್ರಕಾರ ಒಂದು ಕಡಿಮೆ. ನಿಯಮ ಮೀರಿದರೆ ಪರೀಕ್ಷಕರು ಪಕ್ಕಕ್ಕಿಡಬಹುದು, ಪಕ್ಕಕ್ಕಿಟ್ಟರೆ ಜೂನ್ ಕೈತಪ್ಪುತ್ತದೆ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅಳಿಸಿದೆ. ಅವರ ಮುಂದೆಯೇ ಅಳಿಸಿದೆ. ಆಮೇಲೆ ನನ್ನ ಹಳೇ ಬುದ್ಧಿ ಎಲ್ಲಿ ಹೋಗುತ್ತದೆ, “ಒಂದು ಪುಟ ತಾನೇ ಬೇಕು? ಅಂತರ್ಜಲದ ಬಗ್ಗೆ ಒಂದು ಪುಟ ನನ್ನಲ್ಲಿದೆ, ಹಾಕುತ್ತೇನೆ” ಎಂದೆ.

“ಬ್ಯಾಡಣ್ಣ. ಖಾಲಿ ಬಿಡಿ.”

“ಖಾಲಿಯಾ?”

“ಪುಟ ಅಂಗೇ ಇರ್ಲಿ. ಅಡೀಲಿ ನಾನು ಏಳಿದ್ದು ಟೈಪ್ ಮಾಡಿ.”

ಅವರು ಹೇಳಿದ್ದು ಇಷ್ಟು: ‘ಈ ಪುಟದಲ್ಲಿ ಒಂದು ಮನೆಯವರ ಮಾತು ಇತ್ತು. ತೆಗೆಯಬೇಕೆಂದು ಅವರು ಕೇಳಿಕೊಂಡರು, ತೆಗೆದಿದ್ದೇನೆ. ಭೇದವಿಲ್ಲದ ಕಡೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅಗತ್ಯ ಯಾರಿಗೂ ಬರುವುದಿಲ್ಲ. ಆದ್ದರಿಂದ ಈ ಪುಟವನ್ನೂ ಆಧಾರವೆಂದೇ ಪರಿಗಣಿಸಬೇಕಾಗಿ ವಿನಂತಿ.’

ಬೈಂಡಿಂಗ್ ಆದ ದಿನ ಅವರ ಹಿಂದೆಯೇ ಒಬ್ಬ ಮುದುಕಿ ಅಂಗಡಿಯ ಮೆಟ್ಟಿಲು ಹತ್ತಿದರು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ಕೈಯಲ್ಲಿ ಎಲೆ ಅಡಿಕೆ ಚೀಲ. ರಾಧಾಮಣಿ ಹೇಳುವ ಮೊದಲೇ ಅಮ್ಮಾಜಮ್ಮ ಎಂದು ನನಗೆ ಗೊತ್ತಾಯಿತು. ತಮ್ಮ ನಲ್ಲಿಯ ಬಗ್ಗೆ ಪುಸ್ತಕ ಅಚ್ಚಾಗುತ್ತಿದೆಯೆಂದು ಕೇಳಿ, ನಾನೂ ನೋಡಬೇಕೆಂದು ಹಟ ಹಿಡಿದು ರೈಲು ಹತ್ತಿದ್ದರಂತೆ. ಸ್ಟೂಲು ಕೊಟ್ಟೆ. ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಅವರಿಗೆ ಕನ್ನಡ ಓದಲು ಬರುವುದಿಲ್ಲ, ಮನೆಮಾತಾದ ತೆಲುಗನ್ನೂ ಓದಲು ಬರುವುದಿಲ್ಲ. ಆದರೂ ಒಂದೊಂದೇ ಹಾಳೆ ತಿರುವಿದರು. ಹದಿನೇಳನೇ ಪುಟಕ್ಕೆ ಬಂದು ನಿಂತರು.

“ಏಂದಿ ಇದಿ? ಏನಿದು, ಇಲ್ಲೇನೂ ಇಲ್ವೇ?”

“ಒಬ್ರ ಮಾತಿತ್ತು ಅಮ್ಮ. ತೆಗೀ ಅಂದ್ರು, ತೆಗ್ದೆ.”

“ಯಾರು?”

“ಏಳಂಗಿಲ್ಲ ಅಮ್ಮ. ಮಾತು ಕೊಟ್ಟಿವ್ನಿ.”

“ನಂಗೂ ಏಳಂಗಿಲ್ವಾ? ಓಗ್ಲಿ, ಯಾಕ್ ತೆಗೀ ಅಂದ್ರು?”

“ಬಯಕ್ಕೆ.”

“ಯಾರ್ ಬಯ ಅಮ್ಮಿ? ನಮ್ ಲೈನಲ್ಲಿ ಯಾರು ಯಾರಿಗೆ ಬಯ ಬೀಳ್ಬೇಕು? ನಾನಿಲ್ವಾ?”

ರಾಧಾಮಣಿ ತಲೆ ತಗ್ಗಿಸಿದರು. ನಾನು ಏನೋ ಕೆಲಸವಿದ್ದಂತೆ ಜೆರಾಕ್ಸ್ ಮೆಷಿನ್ನಿನ ಮುಚ್ಚಳ ತೆಗೆದು ಮುಚ್ಚಿದೆ. ಅಮ್ಮಾಜಮ್ಮ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ರಾಧಾಮಣಿಯ ಕೈಗೂ ಕೊಡದೆ ನನ್ನ ಮೇಜಿನ ಮೇಲಿಟ್ಟು, ಒಬ್ಬರೇ ಸ್ಟೇಷನ್ ಕಡೆಗೆ ನಡೆದರು. ಹಿಂದೆ ಹೋಗಲು ರಾಧಾಮಣಿ ಎದ್ದರು, ಮೆಟ್ಟಿಲವರೆಗೆ ಹೋಗಿ ನಿಂತುಕೊಂಡರು. “ಅವ್ರದು ನನ್ನ ಮಗು ಎತ್ಕೊಂಡ ಕೈ ಅಣ್ಣ” ಎಂದು ಅತ್ತರು.

ಪರೀಕ್ಷೆಯ ದಿನ ಹನ್ನೊಂದು ಗಂಟೆಗೆ ಕಾಲೇಜಿನ ಜವಾನ ಬಂದು ನನ್ನನ್ನು ಕರೆದ. ಪರೀಕ್ಷಕರು ಕರೆಯುತ್ತಿದ್ದಾರಂತೆ. ಹಳೆಯ ಪ್ರಾಜೆಕ್ಟುಗಳ ಪಾಪವೆಲ್ಲ ಇವತ್ತು ಹೊರಗೆ ಬಂತೆಂದುಕೊಂಡು ಅಂಗಡಿ ಬಾಗಿಲೆಳೆದು ಹೊರಟೆ. ಹೋಗಿ ನೋಡಿದರೆ, ದಪ್ಪ ಕನ್ನಡಕದ ಒಬ್ಬ ವಯಸ್ಸಾದ ಮೇಷ್ಟ್ರು ಹದಿನೇಳನೇ ಪುಟ ತೆರೆದುಕೊಂಡು ಕೂತಿದ್ದಾರೆ. ಎದುರಿಗೆ ರಾಧಾಮಣಿ, ಪಕ್ಕದಲ್ಲಿ ಶ್ಯಾಮಲ ಮೇಡಂ.

“ಪ್ರಿಂಟ್ ಮಾಡಿದವರು ನೀವೇನ್ರಿ? ಪುಟ ಬಿಟ್ಟುಹೋಗಿದೆ. ಅಡಿಯಲ್ಲಿ ಏನೋ ಸಮಜಾಯಿಷಿ ಬರೆದಿದ್ದಾರೆ. ನಿಮ್ಮ ತಪ್ಪಿಗೆ ಇವರು ನೆಪ ಹೇಳುತ್ತಿದ್ದಾರಾ?”

ನಾನು ಒಂದು ಸಲ ರಾಧಾಮಣಿಯ ಮುಖ ನೋಡಿದೆ. “ಇಲ್ಲ ಸಾರ್. ಪುಟ ತುಂಬಿತ್ತು. ನಾನೇ ಟೈಪ್ ಮಾಡಿದ್ದೆ. ಇವರು ಅಳಿಸು ಅಂದರು, ಅಳಿಸಿದೆ. ಬೇರೆ ಏನಾದರೂ ತುಂಬಿಸುತ್ತೇನೆ ಅಂದೆ, ಬೇಡ ಅಂದರು.”

“ಏನಿತ್ತು ಅದರಲ್ಲಿ?”

“ಅದನ್ನು ಹೇಳಲು ನನಗೆ ಹಕ್ಕಿಲ್ಲ ಸಾರ್” ಎಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಪರೀಕ್ಷಕರು ರಾಧಾಮಣಿಯ ಕಡೆ ತಿರುಗಿದರು. “ಖಾಲಿ ಪುಟಕ್ಕೆ ನಾನು ಹೇಗಮ್ಮ ಅಂಕ ಹಾಕಲಿ?”

“ಅದಕ್ಕೆ ಬ್ಯಾಡ ಸಾರ್. ಉಳಿದ ಅತ್ತೊಂಬತ್ತು ಪುಟಕ್ಕೆ ಆಕಿ. ಪುಟ ಕಮ್ಮಿ ಅಂತ ಫೇಲ್ ಮಾಡಿದ್ರೂ ಸರಿ, ಮುಂದಿನ ವರ್ಷ ಬತ್ತೀನಿ. ಅವ್ರ ಮಾತು ಮಾರಿ ಪಾಸಾಗಾಕಾಗಲ್ಲ.”

ಅವರ ದೊಡ್ಡ ದನಿ ಆ ಕೋಣೆಗೆ ಸ್ವಲ್ಪ ಜಾಸ್ತಿಯೇ ಆಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಬಿಂದಿಗೆಯ ಪಟ್ಟಿಯ ಪುಟಕ್ಕೆ ಹಿಂದಿರುಗಿ, ಅದರ ಬಗ್ಗೆ ಅರ್ಧ ಗಂಟೆ ಪ್ರಶ್ನೆ ಕೇಳಿದರಂತೆ. ನನ್ನನ್ನು ಹೊರಗೆ ಕಳಿಸಿದ್ದರು. ಫಲಿತಾಂಶ ಬಂದಾಗ ನೂರಕ್ಕೆ ಐವತ್ತೆಂಟು. ಅಂಥ ದೊಡ್ಡ ಅಂಕವೇನಲ್ಲ, ನನ್ನ ‘ನೀರಿನ ಮಹತ್ವ’ಕ್ಕೆ ಎಪ್ಪತ್ತರ ಮೇಲೆ ಬಂದದ್ದಿದೆ. ಆದರೆ ಪಾಸು. ಜೂನ್ ಮೊದಲ ವಾರ ರಾಧಾಮಣಿ ಟೀಚರ್ ಆದರು. ಪ್ರಾಜೆಕ್ಟ್ ಮಾರುವುದನ್ನು ನಾನೂ ಆ ತಿಂಗಳು ನಿಲ್ಲಿಸಿದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಮತ್ತೆ ಆ ಫೈಲುಗಳನ್ನು ತೆರೆದರೆ ಓದಲು ಬೇಸರವಾಗುತ್ತಿತ್ತು.

ಅಮ್ಮಾಜಮ್ಮ ಮಾತ್ರ ರಾಧಾಮಣಿಯೊಂದಿಗೆ ಮಾತು ಬಿಟ್ಟಿದ್ದರು. ಟೀಚರ್ ಆದ ದಿನ ಸಿಹಿ ತೆಗೆದುಕೊಂಡು ಹೋದರೆ, ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋದರಂತೆ. ನನಗೆ ಅದನ್ನು ಹೇಳುವಾಗ ರಾಧಾಮಣಿಗೆ ಕೆಲಸ ಸಿಕ್ಕ ಸಂತೋಷವೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಅವರು ಮತ್ತೆ ಬಂದರು.

“ಅಮ್ಮಾಜಮ್ಮ ಈಗ ನಲ್ಲಿ ಅತ್ರ ಬರಲ್ಲ ಅಣ್ಣ. ಎರಡು ತಿಂಗಳಾಯ್ತು. ಕಾಲು ನೋವು, ನಿಮ್ ನಿಮ್ ಬಿಂದಿಗೆ ನೀವೇ ನೋಡ್ಕೊಳಿ ಅಂದ್ಬಿಟ್ರು.”

“ಪಾಪ, ವಯಸ್ಸಾಯಿತಲ್ಲ.”

“ಕಾಲಿಗೆ ಏನೂ ಆಗಿಲ್ಲ. ದಿನಾ ಸಂಜೆ ಸ್ಟೇಷನ್ ಗಂಟ ನಡ್ಕಂಡ್ ಓಗಿ ಬತ್ತಾರೆ.”

ಕೂಗುವವರು ಇಲ್ಲವೆಂದ ಮೇಲೆ ಮೊದಮೊದಲು ಗಲಾಟೆಯಾಯಿತಂತೆ. ಎರಡು ಬಿಂದಿಗೆ ಒಡೆದವು, ಮೂರು ಮನೆಯವರು ಮಾತು ಬಿಟ್ಟರು. ಆಮೇಲೆ ಜಗಳ ಸಾಕಾಗಿ, ಇಟ್ಟ ಸಾಲಿನಲ್ಲೇ ಹಿಡಿದುಕೊಳ್ಳಲು ಶುರು ಮಾಡಿದರಂತೆ. ಮೂರನೆಯದಾಗಿ ಬಂದ ಬಿಂದಿಗೆ ಮೂರನೆಯದಾಗಿ ತುಂಬುತ್ತದೆ. ರಾಧಾಮಣಿಯದು ಮೊನ್ನೆ ಹದಿನಾಲ್ಕನೆಯದು, ಶಾಲೆಗೆ ತಡವಾಯಿತಂತೆ.

ಹಾಗೆ ಹೇಳಿ ಬ್ಯಾಗಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ಅವರದೇ ಕೈಬರಹ, ನಾನು ಒಮ್ಮೆ ಟೈಪ್ ಮಾಡಿ ಅಳಿಸಿದ, ಕೊನೆಯ ಮನೆಯವಳ ಮಾತು. ಅಷ್ಟು ತಿಂಗಳು ನಾನು ಅದನ್ನು ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ.

“ನಿನ್ನೆ ಅವ್ಳೇ ಬಂದು ಏಳಿದ್ಳು ಅಣ್ಣ. ‘ಈಗ ಬೇಕಾದ್ರೆ ಆಕ್ಕೊಳಮ್ಮ, ಯಾರ್ ಓದಿದ್ರೂ ಓದ್ಲಿ, ಈಗ ಅದು ಅಳೇ ಕತೆ’ ಅಂದ್ಳು. ಮಾರ್ಕ್ಸಿಗಲ್ಲ. ನಂದೊಂದು ಪ್ರತಿ ಐತಲ್ಲ, ಅದ್ರಲ್ಲಿ ಸೇರ್ಸಿ ಕೊಡಿ.”

ಫೈಲು ತೆರೆದು ಹದಿನೇಳನೇ ಪುಟಕ್ಕೆ ಹೋದೆ. ರಾಧಾಮಣಿ ಹಾಳೆ ಬಿಚ್ಚಿ ಓದಿ ಹೇಳತೊಡಗಿದರು, ನಾನು ಟೈಪ್ ಮಾಡಿದೆ. ಮೊದಲ ಸಾಲು ಹೀಗಿತ್ತು:

‘ನೀರು ಬರುವ ದಿನ ಎಲ್ಲರ ಮನೆಯಲ್ಲೂ ಬೇಯಿಸಿ, ಉಂಡು, ಪಾತ್ರೆ ತೊಳೆದು ಮುಗಿದ ಮೇಲೆ ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುತ್ತೇವೆ, ಊಟದ ಹೊತ್ತು ಅಂದರೆ ಅದೇ ಅಂತ ನಮ್ಮ ಮಕ್ಕಳು ಕಲಿತಿದ್ದಾರೆ.’